ಹೊರಡುವ ಮುನ್ನ: ನೆರವು ಕಾರ್ಯಕರ್ತರ ಅಪಾಯವನ್ನು ಅಂದಾಜು ಮಾಡುವ ಬಗೆ

ಯುದ್ಧ, ಬರ, ವಲಸೆಯಿಂದ ನಲುಗಿದ ನಾಡುಗಳಿಗೆ ಕನ್ನಡ ನೆಲದಿಂದಲೂ ವೈದ್ಯರು, ದಾದಿಯರು, ಎಂಜಿನಿಯರುಗಳು ಹೋಗುತ್ತಾರೆ. ಹೊಸಬರ ಕೈಗೆ ಸಂಸ್ಥೆಯವರು ದಪ್ಪನೆಯ ಭದ್ರತಾ ಕೈಪಿಡಿಯೊಂದನ್ನು ಕೊಡುತ್ತಾರೆ. ಅದರಲ್ಲಿ ಕೆಂಪು, ಹಳದಿ, ಹಸಿರು ಚೌಕಗಳ ಕೋಷ್ಟಕವೊಂದು ಇದ್ದೇ ಇರುತ್ತದೆ. ಅದನ್ನು ತುಂಬಿದರೆ ಅಪಾಯದ ಅಂದಾಜು ಮುಗಿಯಿತು ಎಂದು ಬಹಳ ಮಂದಿ ತಿಳಿದಿದ್ದಾರೆ. ನಾಳೆ ಬೆಳಿಗ್ಗೆ ಯಾರು, ಯಾವ ರಸ್ತೆಯಲ್ಲಿ, ಯಾತಕ್ಕಾಗಿ ಹೋಗಬೇಕು, ಅಥವಾ ಹೋಗಲೇಬಾರದು ಎಂದು ತೀರ್ಮಾನಿಸಲು ನೆರವಾಗದ ಕೋಷ್ಟಕ ಕಡತ ತುಂಬಲು ಮಾತ್ರ ಸಾಕು.

ವಿಶ್ವಸಂಸ್ಥೆಯ ಲೆಕ್ಕದಂತೆ 2024ರಲ್ಲಿ ಜಗತ್ತಿನಾದ್ಯಂತ 380ಕ್ಕೂ ಹೆಚ್ಚು ನೆರವು ಕಾರ್ಯಕರ್ತರು ಪ್ರಾಣ ಕಳೆದುಕೊಂಡರು. ಅಲ್ಲಿಯವರೆಗಿನ ಯಾವ ವರ್ಷದಲ್ಲೂ ಅಷ್ಟು ಸಾವು ದಾಖಲಾಗಿರಲಿಲ್ಲ. ಅವರಲ್ಲಿ ಬಹುಪಾಲು ಜನ ಹೊರದೇಶದಿಂದ ಹೋದವರಲ್ಲ, ಅಲ್ಲಿಯವರೇ. ಹೀಗಾಗಿ ಈ ಬರಹದಲ್ಲಿ ಅಂದಾಜನ್ನು ಚಾಲಕ, ಕಾವಲುಗಾರ, ದುಭಾಷಿ ಇವರಿಂದಲೇ ಶುರು ಮಾಡುತ್ತೇನೆ.

ಮೊದಲು ಒಂದು ಪ್ರಕರಣ

ಕೀನ್ಯಾದ ಗರಿಸ್ಸಾ ಕೌಂಟಿಯ ದಡಾಬ್‌ನಲ್ಲಿ, ಸೊಮಾಲಿಯಾ ಗಡಿಯಿಂದ ಸುಮಾರು 100 ಕಿ.ಮೀ. ದೂರದಲ್ಲಿ, 1991ರಿಂದ ನಿರಾಶ್ರಿತರ ಶಿಬಿರಗಳಿವೆ. 2011ರ ಬರಗಾಲದಲ್ಲಿ ಅಲ್ಲಿನ ಜನಸಂಖ್ಯೆ ನಾಲ್ಕು ಲಕ್ಷ ದಾಟಿತು. ಅದೇ ಅಕ್ಟೋಬರ್‌ನಲ್ಲಿ ಎಂಎಸ್‌ಎಫ್ ವೈದ್ಯಕೀಯ ಸಂಸ್ಥೆಯ ಇಬ್ಬರು ಸ್ಪೇನ್ ಮಹಿಳೆಯರನ್ನು ಶಿಬಿರದಿಂದ ಅಪಹರಿಸಲಾಯಿತು. ಅವರಿಗೆ ಬಿಡುಗಡೆ ಸಿಕ್ಕಿದ್ದು 2013ರ ಜುಲೈನಲ್ಲಿ. ಅಪಹರಣದ ಬೆನ್ನಿಗೇ ಕೀನ್ಯಾ ಸೇನೆ ಸೊಮಾಲಿಯಾದೊಳಕ್ಕೆ ಹೋಯಿತು. ಆಮೇಲೆ ದಡಾಬ್ ಸುತ್ತಮುತ್ತ ಪೊಲೀಸ್ ವಾಹನಗಳನ್ನು ಗುರಿಯಾಗಿಸಿ ರಸ್ತೆಬದಿ ಬಾಂಬ್‌ಗಳು ಸಿಡಿಯತೊಡಗಿದವು.

2012ರ ಜೂನ್ 29ರಂದು ನಾರ್ವೇಜಿಯನ್ ರೆಫ್ಯೂಜಿ ಕೌನ್ಸಿಲ್ ಸಂಸ್ಥೆಯ ಮಹಾಕಾರ್ಯದರ್ಶಿ ಅಲ್ಲಿಗೆ ಭೇಟಿ ಕೊಟ್ಟರು. ಸಶಸ್ತ್ರ ಬೆಂಗಾವಲಿನಲ್ಲಿ ಹೋಗಬೇಕೆಂಬ ಮೊದಲಿನ ಯೋಜನೆಯನ್ನು ಬದಲಿಸಿ ಬೆಂಗಾವಲಿಲ್ಲದೆ ಹೊರಟರು. ವಾಹನಗಳ ಸಾಲಿನ ಮೇಲೆ ದಾಳಿಯಾಯಿತು. ಕೀನ್ಯಾದ ಚಾಲಕರೊಬ್ಬರು ಸತ್ತರು. ನಾಲ್ವರು ಸಿಬ್ಬಂದಿಯನ್ನು ಗಡಿಯಾಚೆಗೆ ಎಳೆದೊಯ್ದರು. ನಾಲ್ಕನೆಯ ದಿನ ಅವರನ್ನು ಬಿಡಿಸಿಕೊಳ್ಳಲಾಯಿತು. ಅವರಲ್ಲೊಬ್ಬರಾದ ಸ್ಟೀವ್ ಡೆನ್ನಿಸ್ ಸಂಸ್ಥೆಯ ಮೇಲೆ ದಾವೆ ಹೂಡಿದರು. ಅಪಹರಣ ನಡೆಯಬಹುದೆಂದು ಮೊದಲೇ ಊಹಿಸಬಹುದಾಗಿತ್ತು, ತಡೆಯುವ ದಾರಿಗಳೂ ಇದ್ದವು, ಸಂಸ್ಥೆಯಿಂದ ಘೋರ ನಿರ್ಲಕ್ಷ್ಯವಾಗಿದೆ ಎಂದು ಓಸ್ಲೋ ಜಿಲ್ಲಾ ನ್ಯಾಯಾಲಯ 2015ರ ನವೆಂಬರ್‌ನಲ್ಲಿ ತೀರ್ಪು ಕೊಟ್ಟು ಪರಿಹಾರ ವಿಧಿಸಿತು. ನೆರವು ಸಂಸ್ಥೆಗಳು ತಮ್ಮ ಅಂದಾಜಿನ ಕಾಗದಗಳನ್ನು ನ್ಯಾಯಾಧೀಶರ ಕಣ್ಣಿನಿಂದ ಓದಿಕೊಳ್ಳಲು ಕಲಿತದ್ದು ಹೆಚ್ಚಾಗಿ ಈ ತೀರ್ಪಿನ ನಂತರವೇ. ಈ ಪ್ರಕರಣ ಮನಸ್ಸಿನಲ್ಲಿರಲಿ. ಕೆಳಗಿನ ಹಂತಗಳಿಗೆ ಇದು ಒರೆಗಲ್ಲು.

1. ಕೆಲಸ ಏನು ಎಂದು ಒಂದು ವಾಕ್ಯದಲ್ಲಿ ಬರೆಯಿರಿ

“ಉತ್ತರ ವಲಯದಲ್ಲಿ ನೀರಿನ ಯೋಜನೆ” ಎಂಬಷ್ಟು ಸಾಲದು. “ಮೂವರು ಹೋಗಿ ಒಂದು ಕೊಳವೆಬಾವಿಯ ಪಂಪ್ ದುರಸ್ತಿ ಮಾಡಬೇಕು, ಅದು ಕೆಟ್ಟಿರುವುದರಿಂದ ಊರವರು ಹಳ್ಳದ ನೀರು ಕುಡಿಯುತ್ತಿದ್ದಾರೆ” ಎಂದು ಬರೆದರೆ ಕೊನೆಯಲ್ಲಿ ತೂಗಿ ನೋಡಲು ತಕ್ಕಡಿಯ ಒಂದು ತಟ್ಟೆ ಸಿದ್ಧವಾದಂತೆ. ಜೀವ ಉಳಿಸುವ ಕೆಲಸಕ್ಕೆ ಒಪ್ಪಿಕೊಳ್ಳುವಷ್ಟು ಅಪಾಯವನ್ನು ಫೋಟೊ ತೆಗೆಸಿಕೊಳ್ಳುವ ಭೇಟಿಗೆ ಒಪ್ಪಿಕೊಳ್ಳಬಾರದು. ದಾನಿಗಳನ್ನು, ಅತಿಥಿಗಳನ್ನು ಕರೆದೊಯ್ಯುವ ಪ್ರವಾಸಗಳನ್ನು ಅನುಮಾನದಿಂದಲೇ ನೋಡಿ. ಅವುಗಳ ಸುದ್ದಿ ಬೇಗ ಹರಡುತ್ತದೆ, ವಾಹನಗಳ ಸಂಖ್ಯೆ ಹೆಚ್ಚುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಬಂದವರ ಮುಂದೆ “ಬೇಡ” ಎನ್ನಲು ಕಿರಿಯರು ಹಿಂಜರಿಯುತ್ತಾರೆ.

2. ಜಾಗವನ್ನು ಅಲ್ಲಿಯವರ ಬಾಯಿಂದ ಕೇಳಿ

ಹೆಚ್ಚು ಹೊತ್ತು ಕೊಡಬೇಕಾದ ಹಂತ ಇದು. ಅತಿ ಬೇಗ ಮುಗಿಸಿಬಿಡುವುದೂ ಇದನ್ನೇ. ರಾಜಧಾನಿಯಲ್ಲಿ ಕುಳಿತು ವರದಿ ಓದಿದರೆ ಆ ದೇಶದ ಯುದ್ಧ ಅರ್ಥವಾಗುತ್ತದೆ, ಆ ರಸ್ತೆ ಅರ್ಥವಾಗುವುದಿಲ್ಲ. ರಸ್ತೆಯನ್ನು ಬಲ್ಲವನು ಚಾಲಕ. ನಿನ್ನೆ ಯಾವ ಚೆಕ್‌ಪೋಸ್ಟ್‌ನಲ್ಲಿ ಹೊಸ ಮುಖಗಳಿದ್ದವು, ಯಾವ ಅಂಗಡಿ ಕಾರಣವಿಲ್ಲದೆ ಬಾಗಿಲು ಹಾಕಿದೆ, ದನಗಾಹಿಗಳು ಯಾಕೆ ಈ ವಾರ ಆ ಬಯಲಿಗೆ ಇಳಿದಿಲ್ಲ, ಇವೆಲ್ಲ ಅವನಿಗೆ ಗೊತ್ತು. ಆದರೆ ಹಿತ್ತಲ ಗಿಡ ಮದ್ದಲ್ಲ ಎಂಬಂತೆ, ಭದ್ರತೆಯ ಸಭೆಗೆ ಅವನನ್ನೊಬ್ಬನನ್ನು ಬಿಟ್ಟು ಉಳಿದವರನ್ನೆಲ್ಲ ಕರೆಯುತ್ತಾರೆ.

ಅವನನ್ನು ಕರೆಯಿರಿ, ಆದರೆ ಹತ್ತು ಜನರ ಮುಂದೆ ಬೇಡ. “ಈ ರಸ್ತೆ ಸುರಕ್ಷಿತವೇ?” ಎಂದು ಕೇಳಲೂ ಬೇಡ. ಆ ಪ್ರಶ್ನೆಗೆ ಕೆಲಸ ಉಳಿಸಿಕೊಳ್ಳಬೇಕಾದವನು “ಹೌದು ಸಾರ್” ಎಂದೇ ಹೇಳುತ್ತಾನೆ. ಹೀಗೆ ಕೇಳಿ: ನಿನ್ನ ಮಗನನ್ನು ಈ ರಸ್ತೆಯಲ್ಲಿ ಕಳಿಸುವುದಾದರೆ ಯಾವ ದಿನ, ಯಾವ ಹೊತ್ತಿಗೆ ಕಳಿಸುತ್ತೀಯ? ಯಾವ ತಿರುವಿನಲ್ಲಿ ನಿಲ್ಲಬೇಡ ಎನ್ನುತ್ತೀಯ? ಬಾಡಿಗೆ ಲಾರಿಯವರು ಈಗ ಯಾವ ದಾರಿ ಹಿಡಿದಿದ್ದಾರೆ? ಉತ್ತರ ಕೇಳುತ್ತಲೇ ದೊಡ್ಡ ಹಾಳೆಯ ಮೇಲೆ ರಸ್ತೆಯ ಚಿತ್ರ ಬರೆಯಿರಿ. ಸೇತುವೆ, ಸಂತೆ, ಚೆಕ್‌ಪೋಸ್ಟ್, ಮೊಬೈಲ್ ಸಿಗ್ನಲ್ ಕಡಿದುಹೋಗುವ ಜಾಗ, ಹತ್ತಿರದ ಆಸ್ಪತ್ರೆ ಎಲ್ಲವೂ ಅದರಲ್ಲಿ ಬರಲಿ. ಆ ಹಾಳೆ ಮುಗಿದ ಮೇಲೆ ಗೋಡೆಗೆ ಅಂಟಿಸಬೇಡಿ, ಬೀರುವಿನಲ್ಲಿಟ್ಟು ಬೀಗ ಹಾಕಿ. ಯಾರ ಚೆಕ್‌ಪೋಸ್ಟ್ ಎಲ್ಲಿದೆ ಎಂದು ಗುರುತಿಸಿದ ನಕ್ಷೆ ಯಾವುದೋ ಒಂದು ಪಕ್ಷದ ಕೈಗೆ ಸಿಕ್ಕರೆ ನೀವು ಗೂಢಚಾರರಾಗುತ್ತೀರಿ.

ಅದೇ ಹಾಳೆಯ ಪಕ್ಕದಲ್ಲಿ ಜನರ ಪಟ್ಟಿ ಇರಲಿ. ಈ ನೆಲದ ಮೇಲೆ ಯಾರ ಮಾತು ನಡೆಯುತ್ತದೆ? ನಮ್ಮ ಕೆಲಸದಿಂದ ಯಾರಿಗೆ ಲಾಭ, ಯಾರಿಗೆ ನಷ್ಟ? ಉಚಿತ ಕುಡಿಯುವ ನೀರು ಕೊಟ್ಟರೆ ಟ್ಯಾಂಕರ್ ಮಾಲೀಕನ ವ್ಯಾಪಾರ ಹೋಗುತ್ತದೆ. ಗೋದಾಮಿನ ಗುತ್ತಿಗೆ ಒಂದು ಕುಲದವನಿಗೆ ಸಿಕ್ಕರೆ ಇನ್ನೊಂದು ಕುಲ ಮುನಿಯುತ್ತದೆ. ಕೆಲಸದಿಂದ ತೆಗೆದುಹಾಕಿದ ಕಾವಲುಗಾರನಿಗೆ ಕಚೇರಿಯ ಗೇಟಿನ ಬೀಗದ ಕೈ ಎಲ್ಲಿಡುತ್ತಾರೆಂದು ಗೊತ್ತಿರುತ್ತದೆ. ನೆರವು ಸಂಸ್ಥೆಗಳ ಮೇಲಿನ ಬೆದರಿಕೆಗಳಲ್ಲಿ ಸಿದ್ಧಾಂತಕ್ಕಿಂತ ನೌಕರಿ, ಗುತ್ತಿಗೆ, ಬಾಡಿಗೆಯ ಜಗಳಗಳ ಪಾಲು ಚಿಕ್ಕದೇನಲ್ಲ.

3. ಬೆದರಿಕೆಯನ್ನು ಪೂರ್ತಿ ವಾಕ್ಯದಲ್ಲಿ ಹೇಳಿ

“ದರೋಡೆ: ಮಧ್ಯಮ” ಎಂದು ಬರೆದರೆ ಯಾರಿಗೂ ಉಪಯೋಗವಿಲ್ಲ. ಯಾರು, ಯಾರಿಗೆ, ಎಲ್ಲಿ, ಯಾವಾಗ, ಹೇಗೆ, ಯಾಕೆ ಎಂಬುದಷ್ಟೂ ಬರಬೇಕು. ಮೇಲಿನ ಪಂಪ್ ದುರಸ್ತಿಯನ್ನೇ ತೆಗೆದುಕೊಳ್ಳಿ. ನಾನು ಕಲಿಸುವಾಗ ಹೀಗೆ ಬರೆಸುತ್ತೇನೆ:

“ಮಂಗಳವಾರ ಸಂತೆ ಕರಗಿದ ಮೇಲೆ, ಸಂಜೆ 4ರ ನಂತರ, ಹಳ್ಳ ದಾಟುವಲ್ಲಿ ವಾಹನ ನಿಧಾನವಾದಾಗ, ಬಂದೂಕು ಹಿಡಿದ ನಾಲ್ಕೈದು ಯುವಕರು ನಮ್ಮನ್ನು ತಡೆದು ಹಣ, ಫೋನ್ ಕಿತ್ತುಕೊಳ್ಳಬಹುದು. ಚಾಲಕ ನಿಲ್ಲಿಸದೆ ವೇಗ ಹೆಚ್ಚಿಸಿದರೆ ಗುಂಡು ಹಾರಿಸಬಹುದು.”

ಇಷ್ಟು ಬರೆದೊಡನೆ ಪರಿಹಾರಗಳು ಆ ವಾಕ್ಯದೊಳಗಿಂದಲೇ ಕಾಣತೊಡಗುತ್ತವೆ. ಮಂಗಳವಾರ ಬಿಟ್ಟು ಹೋಗಬಹುದು. ಮಧ್ಯಾಹ್ನ 2ಕ್ಕೆ ಹಳ್ಳ ದಾಟಿ ಹಿಂದಿರುಗಬಹುದು. ಬಿಡಿಭಾಗಗಳ ಹಣವನ್ನು ನಗದಾಗಿ ಒಯ್ಯದೆ ವರ್ತಕನಿಗೆ ಮೊದಲೇ ಕಳಿಸಬಹುದು. ಅಡ್ಡಗಟ್ಟಿದರೆ ನಿಲ್ಲಿಸು, ಕೈ ಕಾಣುವಂತೆ ಇಡು, ವಾಹನ ಕೇಳಿದರೆ ಕೊಟ್ಟುಬಿಡು ಎಂದು ಚಾಲಕನಿಗೆ ಸ್ಪಷ್ಟವಾಗಿ ಹೇಳಬಹುದು. ಬರಿಯ ಹೇಳಿಕೆ ಸಾಲದು, ವಾಹನ ಹೋದರೆ ಅವನ ಸಂಬಳ ಹಿಡಿಯುವುದಿಲ್ಲ ಎಂಬ ಮಾತೂ ಜೊತೆಗಿರಬೇಕು. ಸಂಬಳದ ಭಯಕ್ಕೆ ಸ್ಟೀರಿಂಗ್ ಬಿಡದವನು ಗುಂಡಿಗೆ ಎದೆಯೊಡ್ಡಿದಂತೆ.

ಈ ಪಟ್ಟಿಯಲ್ಲಿ ಬಂದೂಕುಗಳಷ್ಟೇ ಇದ್ದರೆ ಅದು ಅರೆಬರೆ ಪಟ್ಟಿ. ರಸ್ತೆ ಅಪಘಾತ, ಮಲೇರಿಯಾ, ಕಲುಷಿತ ನೀರು, ಜನರೇಟರ್ ಹೊಗೆ, ನಿದ್ದೆಗೆಟ್ಟು ತಿಂಗಳುಗಟ್ಟಲೆ ದುಡಿದವರ ಮನಸ್ಸಿನ ಬಳಲಿಕೆ ಎಲ್ಲಕ್ಕೂ ಒಂದೊಂದು ವಾಕ್ಯ ಬೇಕು. ಸಹೋದ್ಯೋಗಿಗಳಿಂದಲೇ ಆಗುವ ಲೈಂಗಿಕ ಕಿರುಕುಳಕ್ಕೂ ಬೇಕು. ಮುಜುಗರದಿಂದ ಅದನ್ನು ಬಿಟ್ಟುಬಿಡುವ ಅಂದಾಜುಗಳೇ ಹೆಚ್ಚು.

ನಮ್ಮಲ್ಲಿ ನೆರೆ ಪರಿಹಾರಕ್ಕೆ ಹೊರಡುವ ಸ್ವಯಂಸೇವಕರಿಗೂ ಇದೇ ವಿಧಾನ ಒದಗುತ್ತದೆ. 2018ರಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದಾಗ, 2019ರಲ್ಲಿ ಬೆಳಗಾವಿಯ ಹೊಳೆದಂಡೆಯ ಊರುಗಳು ಮುಳುಗಿದಾಗ, ಜನ ಮನಸ್ಸು ಕರಗಿ ಲಾರಿ ತುಂಬಿಕೊಂಡು ಹೊರಟರು. ಅಂಥಲ್ಲಿ ಬೆದರಿಕೆ ಬೇರೆ: ಸಡಿಲಗೊಂಡ ಗುಡ್ಡ, ನೀರಿನಡಿ ಬಿದ್ದ ವಿದ್ಯುತ್ ತಂತಿ, ಮಿತಿ ಮೀರಿ ಜನ ಹತ್ತಿದ ದೋಣಿ, ಲಾರಿಯ ಹಿಂಬಾಗಿಲು ತೆರೆದೊಡನೆ ಆಗುವ ನೂಕುನುಗ್ಗಲು. ಯಾವುದೇ ದೇಶದಲ್ಲಾದರೂ ಹಂಚಿಕೆಯ ದಿನ ತಂಡಕ್ಕೊಂದು ಹಿಂದಿನ ಬಾಗಿಲು, ಸಾಲಿಗೆ ನೆರಳು, ಸಾಮಾನು ಮುಗಿಯುವ ಮೊದಲೇ ಅದನ್ನು ಜನರಿಗೆ ತಿಳಿಸುವ ಊರ ಹಿರಿಯರೊಬ್ಬರು ಬೇಕೇ ಬೇಕು.

4. ಯಾರಿಗೆ ಎಷ್ಟು ಎಂದು ಒಬ್ಬೊಬ್ಬರಾಗಿ ಕೇಳಿಕೊಳ್ಳಿ

ಒಂದೇ ವಾಹನದಲ್ಲಿ ಕುಳಿತ ನಾಲ್ವರಿಗೆ ನಾಲ್ಕು ಬಗೆಯ ಅಪಾಯ. ವಿದೇಶಿ ವೈದ್ಯೆಗೆ ಅಪಹರಣದ ಭಯ. ಬೇರೆ ಕುಲದ ದುಭಾಷಿಯನ್ನು ಚೆಕ್‌ಪೋಸ್ಟ್‌ನಲ್ಲಿ ಕೆಳಗಿಳಿಸಿ ಕರೆದೊಯ್ಯಬಹುದು. ಅದೇ ಊರಿನ ಚಾಲಕನಿಗೆ ರಸ್ತೆಯಲ್ಲಿ ಏನೂ ಆಗದಿದ್ದರೂ ಸಂಜೆ ಮನೆ ಬಾಗಿಲಿಗೆ ಯಾರೋ ಬಂದು “ವಿದೇಶಿಯರ ಜೊತೆ ಏನು ಮಾತಾಡಿದೆ?” ಎಂದು ಕೇಳಬಹುದು. ಭಾರತದ ಪಾಸ್‌ಪೋರ್ಟ್ ಕೆಲವು ಕಡೆ ಸಲಾಮು ಗಿಟ್ಟಿಸುತ್ತದೆ, ಕೆಲವು ಕಡೆ ಸಂಶಯ ಹುಟ್ಟಿಸುತ್ತದೆ. ಯಾವ ಕಡೆ ಯಾವುದು ಎಂದು ಹೊರಡುವ ಮುನ್ನ ವಿಚಾರಿಸಿಕೊಳ್ಳಿ.

ಸ್ಥಳೀಯರಿಗೆ ಅಪಾಯ ಕಡಿಮೆ ಎಂಬುದು ಹಳೆಯ, ಕೊಲ್ಲುವ ನಂಬಿಕೆ. ಶ್ರೀಲಂಕಾದ ಮುತ್ತೂರಿನಲ್ಲಿ 2006ರ ಆಗಸ್ಟ್‌ನಲ್ಲಿ ಫ್ರಾನ್ಸ್ ಮೂಲದ ‘ಆಕ್ಸಿಯೋಂ ಕೋಂತ್ರ್ ಲಾ ಫ್ಯಾಂ’ (ಹಸಿವಿನ ವಿರುದ್ಧ ಕ್ರಮ) ಎಂಬ ನೆರವು ಸಂಸ್ಥೆಯ 17 ಮಂದಿಯನ್ನು ಅವರ ಕಚೇರಿಯ ಆವರಣದಲ್ಲೇ ಗುಂಡಿಟ್ಟು ಕೊಂದರು. ಹದಿನೇಳು ಮಂದಿಯೂ ಶ್ರೀಲಂಕಾದವರು. ಸುತ್ತ ಕಾಳಗ ನಡೆಯುತ್ತಿದ್ದಾಗ ಅವರು ಕಚೇರಿಯಲ್ಲಿ ಉಳಿದಿದ್ದರು. ಸುನಾಮಿ ಪರಿಹಾರದ ಕೆಲಸಗಾರರು, ಸಂಸ್ಥೆಯ ಹೆಸರಿರುವ ಅಂಗಿ ತೊಟ್ಟವರು ಎಂಬುದು ಅವರನ್ನು ಕಾಯಲಿಲ್ಲ. ಅದರಿಂದ ಈ ಹಂತದಲ್ಲಿ ಇನ್ನೂ ಕೆಲವು ಪ್ರಶ್ನೆಗಳನ್ನು ಬಿಡದೆ ಕೇಳಿ. ಕೆಲಸ ಮುಗಿದ ಮೇಲೆ ಸ್ಥಳೀಯ ಸಿಬ್ಬಂದಿ ಮನೆಗೆ ಹೋಗುವುದು ಹೇಗೆ? ಸಂಜೆ ಅವರ ಕೈಯಲ್ಲಿ ರೇಡಿಯೊ ಇರುತ್ತದೆಯೇ? ಕಚೇರಿ ಖಾಲಿ ಮಾಡುವ ದಿನ ವಿಮಾನದಲ್ಲಿ ಅವರಿಗೆ ಸೀಟು ಇದೆಯೇ, ಇಲ್ಲದಿದ್ದರೆ ಅವರ ಕುಟುಂಬಕ್ಕೆ ಮೂರು ತಿಂಗಳ ಸಂಬಳ ಮುಂಚಿತವಾಗಿ ಸಿಗುತ್ತದೆಯೇ? ವಿಮೆಯಲ್ಲಿ ಚಾಲಕನ ಹೆಸರಿದೆಯೇ?

5. ಅಂಕೆ ಹಾಕಿ, ಆದರೆ ಅಂಕೆಯನ್ನು ನಂಬಿ ಕೂರಬೇಡಿ

ರೂಢಿಯಲ್ಲಿರುವ ವಿಧಾನ ಸರಳ. ನಡೆಯುವ ಸಾಧ್ಯತೆಗೆ 1ರಿಂದ 5, ನಡೆದರೆ ಆಗುವ ಹಾನಿಗೆ 1ರಿಂದ 5, ಎರಡನ್ನೂ ಗುಣಿಸಿ. ಹಳ್ಳದ ದರೋಡೆಗೆ ಸಾಧ್ಯತೆ 3, ಹಾನಿ 4 ಎಂದರೆ 12. ಆದರೆ ಗುಣಾಕಾರದಲ್ಲಿ ಒಂದು ಮೋಸವಿದೆ. ಪದೇ ಪದೇ ಆಗುವ ಸಣ್ಣ ಕಳ್ಳತನಕ್ಕೂ (5×1), ಅಪರೂಪಕ್ಕೆ ಆಗುವ ಅಪಹರಣಕ್ಕೂ (1×5) ಉತ್ತರ 5 ಎಂದೇ ಬರುತ್ತದೆ. ಅದಕ್ಕೆಂದೇ ಹಾನಿ 5 ಎಂದಿರುವ ಸಾಲುಗಳನ್ನು, ಉತ್ತರ ಎಷ್ಟೇ ಇರಲಿ, ಬೇರೆಯಾಗಿ ತೆಗೆದು ಚರ್ಚಿಸಿ.

ಇನ್ನೊಂದು ಉಪಾಯ ನನಗೆ ಬಹಳ ಹಿಡಿಸಿದ್ದು: ಎಲ್ಲರೂ ಅವರವರ ಅಂಕೆಯನ್ನು ಚೀಟಿಯಲ್ಲಿ ಬರೆದು ಒಟ್ಟಿಗೆ ತೆರೆಯುವುದು. ವ್ಯವಸ್ಥಾಪಕರು 2 ಎಂದಿರುವಲ್ಲಿ ಚಾಲಕ 5 ಎಂದು ಬರೆದಿದ್ದರೆ ಸರಾಸರಿ ತೆಗೆಯಬೇಡಿ. ಅವನಿಗೆ ಏನು ಗೊತ್ತು ಎಂದು ಕೇಳಿ.

6. ತಗ್ಗಿಸುವ ದಾರಿ, ಆ ದಾರಿಯ ಅಪಾಯ

ಮೊದಲ ಪ್ರಶ್ನೆ: ಹೋಗದೆಯೇ ಈ ಕೆಲಸ ಆಗುತ್ತದೆಯೇ? ಊರಿನ ಮೆಕ್ಯಾನಿಕ್ಕಿಗೆ ಫೋನಿನಲ್ಲೇ ಹೇಳಿಕೊಟ್ಟರೆ ಆದೀತೇ? ಆಗುವುದಾದರೆ, ನಾವು ದಾಟಿಸಿದ ಅಪಾಯ ಅವನ ತಲೆಯ ಮೇಲೆ ಕೂರುತ್ತಿದೆಯೇ ಎಂಬುದನ್ನೂ ನೋಡಬೇಕು. ಹೋಗಲೇಬೇಕೆಂದಾದರೆ ಕಡಿಮೆ ಜನ, ಕಡಿಮೆ ಹೊತ್ತು, ಬದಲಿ ದಿನ.

ಉಳಿದ ಕ್ರಮಗಳನ್ನು ಈ ರಂಗದವರು ಮೂರು ಗುಂಪು ಮಾಡುತ್ತಾರೆ. ಊರವರ ಒಪ್ಪಿಗೆ ಗಳಿಸುವುದು, ಗೋಡೆ–ರೇಡಿಯೊ–ನಿಯಮಗಳಿಂದ ರಕ್ಷಿಸಿಕೊಳ್ಳುವುದು, ಸಶಸ್ತ್ರ ಬೆಂಗಾವಲಿನಂಥ ಎದುರುಬಲದಿಂದ ತಡೆಯುವುದು. ಒಪ್ಪಿಗೆಯೇ ಎಲ್ಲಕ್ಕಿಂತ ಗಟ್ಟಿ ಎಂಬುದು ನನ್ನ ನಂಬಿಕೆ. ಆದರೆ ಅದು ಒಮ್ಮೆ ಗಳಿಸಿದರೆ ಉಳಿಯುವಂಥದ್ದಲ್ಲ, ಊರಿನ ಒಪ್ಪಿಗೆಗೆ ಹೊರಗಿನಿಂದ ಬಂದ ಅಪಹರಣಕಾರರು ಬೆಲೆ ಕೊಡುವುದೂ ಇಲ್ಲ.

ದಡಾಬ್‌ನ ಇಕ್ಕಟ್ಟು ಇಲ್ಲಿಯೇ ಇತ್ತು. ಪೊಲೀಸ್ ಬೆಂಗಾವಲು ಇದ್ದರೆ ಬಾಂಬ್ ಇಡುವವರ ಕಣ್ಣಿಗೆ ಬೀಳುವ ಭಯ, ಇಲ್ಲದಿದ್ದರೆ ಅಪಹರಣಕಾರರಿಗೆ ದಾರಿ ಸಲೀಸು. ಬಾಣಲೆಯಿಂದ ಬೆಂಕಿಗೆ ಬೀಳುವ ಇಂಥ ಆಯ್ಕೆ ಎದುರಾದಾಗ ಎರಡೂ ಅಪಾಯಗಳನ್ನು ಒಂದೇ ಪುಟದಲ್ಲಿ ಅಕ್ಕಪಕ್ಕ ಬರೆದು, ಇತ್ತೀಚೆಗೆ ಆದ ಘಟನೆಗಳನ್ನು ಮುಂದಿಟ್ಟುಕೊಂಡು ಹೋಲಿಸಬೇಕು. ಎರಡೂ ತಾಳಲಾರದಷ್ಟಿದ್ದರೆ ಮೂರನೆಯ ಆಯ್ಕೆ ಯಾವಾಗಲೂ ಇದ್ದೇ ಇದೆ: ಆ ದಿನ ಹೋಗದಿರುವುದು. ಬೆಂಗಾವಲನ್ನು ಕೈಬಿಟ್ಟದ್ದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಬೆಂಗಾವಲನ್ನು ಕೈಬಿಟ್ಟ ಮೇಲೂ ಅದೇ ಪ್ರವಾಸ ಮುಂದುವರಿದದ್ದು ನನ್ನನ್ನು ಕಾಡುತ್ತದೆ. ಒಂದು ಕ್ರಮ ಬಿದ್ದುಹೋದರೆ ಅಂದಾಜನ್ನು ಮೊದಲಿನಿಂದ ಮಾಡಬೇಕು, ಆಗ ಹೊತ್ತಿಲ್ಲದಿದ್ದರೆ ಪ್ರವಾಸ ನಿಲ್ಲಬೇಕು.

ಸೇನೆಗಳಿಗೆ ನಮ್ಮ ಸ್ಥಳ, ದಾರಿ ತಿಳಿಸುವುದು ಇನ್ನೊಂದು ಕ್ರಮ. ಅದನ್ನು ಮಾಡಲೇಬೇಕು, ಅದೊಂದನ್ನೇ ನಂಬಿ ಹೊರಡಬಾರದು. ಅಫ್ಗಾನಿಸ್ತಾನದ ಕುಂದುಜ್‌ನಲ್ಲಿ ಎಂಎಸ್‌ಎಫ್ ತನ್ನ ಆಸ್ಪತ್ರೆ ಎಲ್ಲಿದೆ ಎಂದು ಕಾದಾಡುವವರಿಗೆಲ್ಲ ಮುಂಚೆಯೇ ತಿಳಿಸಿತ್ತು. 2015ರ ಅಕ್ಟೋಬರ್ 3ರ ನಸುಕಿನಲ್ಲಿ ಅಮೆರಿಕದ ಯುದ್ಧವಿಮಾನ ಅದರ ಮೇಲೆ ದಾಳಿ ಮಾಡಿ 42 ಮಂದಿ ಸತ್ತರು. ಗಾಜಾದಲ್ಲಿ 2024ರ ಏಪ್ರಿಲ್ 1ರಂದು ಊಟ ಹಂಚುವ ವರ್ಲ್ಡ್ ಸೆಂಟ್ರಲ್ ಕಿಚನ್ ಸಂಸ್ಥೆಯ ಏಳು ಮಂದಿ ಇಸ್ರೇಲ್ ಸೇನೆಯ ದಾಳಿಗೆ ಬಲಿಯಾದಾಗಲೂ ಅವರ ಸಂಚಾರವನ್ನು ಆ ಸೇನೆಯೊಂದಿಗೆ ಮುಂಚಿತವಾಗಿ ಗೊತ್ತುಪಡಿಸಲಾಗಿತ್ತು. ತಿಳಿಸಿದವರ ತಪ್ಪು ಇದರಲ್ಲಿ ಎಳ್ಳಷ್ಟೂ ಇಲ್ಲ. ಆದರೂ ಅಂದಾಜು ಬರೆಯುವವರು “ತಿಳಿಸಲಾಗಿದೆ” ಎಂಬ ಕಾರಣಕ್ಕೆ ವಾಯುದಾಳಿಯ ಸಾಧ್ಯತೆಯನ್ನು 4ರಿಂದ 1ಕ್ಕೆ ಇಳಿಸುವಂತಿಲ್ಲ.

7. ಉಳಿದ ಅಪಾಯವನ್ನು ಯಾರು ಒಪ್ಪಿಕೊಳ್ಳುತ್ತಾರೆ?

ಏನೇ ಮಾಡಿದರೂ ಸ್ವಲ್ಪ ಉಳಿಯುತ್ತದೆ. ಆ ಉಳಿಕೆಗೆ ಒಬ್ಬರು ಹೆಸರು ಹಾಕಿ ಸಹಿ ಮಾಡಬೇಕು, ಸಮಿತಿಯ ಹೆಸರು ಸಾಲದು. ಸಹಿ ಮಾಡುವವರು ವಾಹನ ಹತ್ತುವವರಲ್ಲದಿದ್ದರೆ, ಹತ್ತುವ ಪ್ರತಿಯೊಬ್ಬರ ಒಪ್ಪಿಗೆಯನ್ನೂ ಬೇರೆ ಬೇರೆಯಾಗಿ, ಅವರವರ ಭಾಷೆಯಲ್ಲಿ, ಎಲ್ಲ ವಿವರ ಹೇಳಿ ಪಡೆಯಬೇಕು. ಒಲ್ಲೆ ಎಂದವರಿಗೆ ಕಾರಣ ಕೇಳಬಾರದು, ಬಡ್ತಿಯಲ್ಲಿ ಅದು ಎಣಿಕೆಗೆ ಬರಬಾರದು. ದಿನಗೂಲಿಯ ಚಾಲಕ ಒಲ್ಲೆ ಎಂದರೂ ಆ ದಿನದ ಕೂಲಿ ಸಿಗಬೇಕು. ಕೂಲಿ ಕಡಿತವಾಗುವುದಾದರೆ ಅವನ ಒಪ್ಪಿಗೆಯನ್ನು ಒಪ್ಪಿಗೆ ಎಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ.

8. ಹೊರಡುವ ಬೆಳಿಗ್ಗೆ

ನಿನ್ನೆಯ ಅಂದಾಜು ನಿನ್ನೆಗೆ. ಬೆಳಿಗ್ಗೆ ಆ ರಸ್ತೆಯ ಮೂರು ಕಡೆಯಿಂದ ಸುದ್ದಿ ಪಡೆಯಿರಿ: ಊರಿನ ಮುಖಂಡರು, ಆ ಭಾಗದಲ್ಲಿರುವ ಇನ್ನೊಂದು ಸಂಸ್ಥೆ, ಲಾರಿ ಚಾಲಕರು. ಹಿಂದಿರುಗಲು ಕಾರಣಗಳನ್ನು ಮೊದಲೇ ಬರೆದಿಡಿ. ಎದುರಿನಿಂದ ವಾಹನಗಳೇ ಬರುತ್ತಿಲ್ಲ, ರೇಡಿಯೊ ಸಂಪರ್ಕ ಎರಡು ಬಾರಿ ತಪ್ಪಿತು, ಸಂತೆಯ ದಿನ ಊರು ಖಾಲಿ ಇದೆ, ಇಷ್ಟರಲ್ಲಿ ಒಂದಾದರೂ ಕಂಡರೆ ವಾಹನ ತಿರುಗಬೇಕು, ಅಲ್ಲಿ ಚರ್ಚೆಗೆ ಅವಕಾಶವಿಲ್ಲ. ತಿರುಗಿಸು ಎನ್ನುವ ಹಕ್ಕು ವಾಹನದಲ್ಲಿರುವ ಎಲ್ಲರಿಗೂ ಇರಲಿ.

ಕಚೇರಿಯಲ್ಲಿ ಒಬ್ಬರು ರೇಡಿಯೊ ಮುಂದೆ ಕೂರಬೇಕು. ತಲುಪಿದ ಸುದ್ದಿ ಗೊತ್ತುಮಾಡಿದ ಹೊತ್ತಿಗೆ ಬರದಿದ್ದರೆ ಎಷ್ಟು ನಿಮಿಷಕ್ಕೆ ಯಾರಿಗೆ ಕರೆ ಮಾಡಬೇಕು ಎಂಬುದು ಅವರ ಕೈಯಲ್ಲಿ ಬರಹದಲ್ಲಿರಬೇಕು. ಪ್ರವಾಸಕ್ಕೆ ಹೋದವರ ರಕ್ತದ ಗುಂಪು, ಮನೆಯವರ ಸಂಪರ್ಕ ಸಂಖ್ಯೆ, ಅಪಹರಣವಾದರೆ ಬದುಕಿದ್ದಾರೆಂದು ಖಚಿತಪಡಿಸಿಕೊಳ್ಳಲು ಅವರಿಗಷ್ಟೇ ಉತ್ತರ ಗೊತ್ತಿರುವ ಎರಡು ಪ್ರಶ್ನೆಗಳು, ಇವು ಮುಚ್ಚಿದ ಲಕೋಟೆಯಲ್ಲಿರಲಿ. ಪ್ರವಾಸದ ಫೋಟೊಗಳನ್ನು ಎಲ್ಲರೂ ಹಿಂದಿರುಗಿದ ಮೇಲೆ ಮಾತ್ರ ಹಾಕಿ.

9. ಬಂದ ಮೇಲೆ

ಏನೂ ಆಗದೆ ಬಂದಿರೆಂದರೆ ಅಂದಾಜು ಸರಿಯಿತ್ತು ಎಂದೇ ಅಲ್ಲ. ಹಳ್ಳದ ಬಳಿ ಯಾರೋ ಕೈ ತೋರಿಸಿ ನಿಲ್ಲಿಸಲು ನೋಡಿದರು, ಚೆಕ್‌ಪೋಸ್ಟ್‌ನಲ್ಲಿ ಈ ಸಲ ಎಲ್ಲರ ಹೆಸರು ಬರೆದುಕೊಂಡರು, ಇಂಥ ಕೂದಲೆಳೆಯಲ್ಲಿ ತಪ್ಪಿದ ಸಂಗತಿಗಳನ್ನು ಅದೇ ಸಂಜೆ ಕೇಳಿ ಬರೆದುಕೊಳ್ಳಿ. ಹೇಳಿದವರನ್ನು ಬೈಯಬೇಡಿ, ಬೈದರೆ ಮುಂದಿನ ಸಲ ಯಾರೂ ಹೇಳುವುದಿಲ್ಲ. ಅದೇ ವಲಯದ ಇತರ ಸಂಸ್ಥೆಗಳಿಗೂ ಸುದ್ದಿ ಮುಟ್ಟಿಸಿ. ಅಂದಾಜಿನ ಪ್ರತಿ ಪುಟದ ಮೇಲೆ ದಿನಾಂಕ ಇರಲಿ. ಚುನಾವಣೆ, ಹೊಸ ಸೇನಾ ಕಾರ್ಯಾಚರಣೆ, ಚೆಕ್‌ಪೋಸ್ಟ್ ಕೈಬದಲಾವಣೆ, ಕೆಲಸದಿಂದ ಯಾರನ್ನಾದರೂ ತೆಗೆದದ್ದು, ಪಡಿತರ ಕಡಿತ, ಇವುಗಳಲ್ಲಿ ಯಾವುದೊಂದು ನಡೆದರೂ ಆ ಪುಟ ಹಳತಾಯಿತೆಂದು ತಿಳಿದು ಚಾಲಕನನ್ನು ಮತ್ತೆ ಕರೆದು ಎರಡನೆಯ ಹಂತದಿಂದ ಶುರು ಮಾಡಿ.